ಗಾಳಿಮಳೆಯ ರಾತ್ರಿ ಕರೆಂಟ್ ಯಾರಿಗೆ ಮೊದಲು?

"ಸಾರ್, ಆಚೆ ಮನೆಯಲ್ಲಿ ಕರೆಂಟ್ ಉಂಟು, ನಮಗೆ ಮಾತ್ರ ಇಲ್ಲ. ಎಂತ ಮಾರಾಯ್ರೆ ಇದು?" ಮಂಗಳೂರು, ಉಡುಪಿ ಕಡೆ ವಿದ್ಯುತ್ ವಿತರಣೆಯಲ್ಲಿ ದುಡಿದವರಿಗೆಲ್ಲ ಮಳೆಗಾಲದಲ್ಲಿ ಬರುವ ಫೋನ್ ಇದು. ಸಿಟ್ಟು ಬರುವುದು ಸಹಜ. ಆದರೆ ಆಚೆ ಮನೆಯವರು ಬೇರೆ ಟಿಸಿಯಲ್ಲೋ (ಊರಿನ ಟ್ರಾನ್ಸ್‌ಫಾರ್ಮರ್), ಬೇರೆ ಫೇಸ್‌ನಲ್ಲೋ (ಅದೇ ಲೈನಿನ ಮೂರು ತಂತಿಗಳಲ್ಲಿ ಬೇರೊಂದು) ಇರುತ್ತಾರೆ, ಅಷ್ಟೇ.

ಜೋರು ಗಾಳಿ ಬಂದರೆ ಲೈನ್ ಒಂದೇ ಕಡೆ ಕೆಡುವುದಿಲ್ಲ. ಇಲ್ಲಿ ತೆಂಗಿನ ಮಡಲು ಬಿದ್ದಿರುತ್ತದೆ, ಅಲ್ಲಿ ಅಕೇಶಿಯಾ ಮರವೇ ತಂತಿಯ ಮೇಲೆ ಮಲಗಿರುತ್ತದೆ, ಗದ್ದೆಯ ಕಂಬ ವಾಲಿರುತ್ತದೆ. ಎಲ್ಲ ಕಡೆ ಒಟ್ಟಿಗೆ ಹೋಗುವಷ್ಟು ಜನ ಇರುವುದಿಲ್ಲ. ಹಾಗಾಗಿ ಕೆಲಸ ಮೇಲಿನಿಂದ ಕೆಳಕ್ಕೆ ಬರುತ್ತದೆ. ಮೊದಲು ಸಬ್‌ಸ್ಟೇಷನ್‌ಗೆ ಬರುವ 33 ಕೆವಿ (33 ಸಾವಿರ ವೋಲ್ಟ್) ಲೈನ್, ಮತ್ತೆ ಅಲ್ಲಿಂದ ಊರುಗಳಿಗೆ ಹೊರಡುವ 11 ಕೆವಿ ಫೀಡರ್, ಆಮೇಲೆ ಟಿಸಿ, ಕೊನೆಗೆ ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರ್. ಫೀಡರ್‌ಗಳಲ್ಲೂ ಆಸ್ಪತ್ರೆ ಮತ್ತು ನೀರಿನ ಪಂಪ್ ಇರುವುದಕ್ಕೆ ಮೊದಲ ಸರದಿ ಸಿಗಬೇಕು. ಇದರಲ್ಲಿ ಯಾವ ಶಿಫಾರಸೂ ನಡೆಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನೀರಿನ ಮಾತು ಬಂದರೆ, ಮಂಗಳೂರಿಗೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. ನದಿ ದಡ ಮೀರಿ ಹರಿಯುತ್ತಿದ್ದರೂ ಪಂಪ್ ನಿಂತರೆ ನಲ್ಲಿ ಒಣಗುತ್ತದೆ. ಕರೆಂಟ್ ಬಂದ ಕೂಡಲೇ ನೀರೂ ಬರುವುದಿಲ್ಲ. ಮೊದಲು ಪೈಪ್ ತುಂಬಬೇಕು, ಟ್ಯಾಂಕ್ ತುಂಬಬೇಕು. ಗುಡ್ಡದ ಮೇಲಿನ ಮನೆಗಳಿಗೆ ಕೊನೆಗೆ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಯಿತು. ಕೋವಿಡ್‌ನ ಎರಡನೇ ಅಲೆಯ ಸಮಯ ಅದು. ಮನೆಯಲ್ಲೇ ಆಕ್ಸಿಜನ್ ಕಾನ್ಸಂಟ್ರೇಟರ್ ಇಟ್ಟುಕೊಂಡವರಿಗೆ ಕರೆಂಟ್ ಅಂದರೆ ಉಸಿರೇ ಆಗಿತ್ತು. ಇಂಥ ಯಂತ್ರ ನಿಮ್ಮ ಮನೆಯಲ್ಲಿದ್ದರೆ ನಿಮ್ಮ ಊರಿನ ವಿದ್ಯುತ್ ಸೆಕ್ಷನ್ ಆಫೀಸಿಗೆ ಮೊದಲೇ ತಿಳಿಸಿಡಿ. ಒಂದು ಆಕ್ಸಿಜನ್ ಸಿಲಿಂಡರನ್ನೂ ತುಂಬಿಸಿಡಿ. ಮಳೆಗಾಲ ಶುರುವಾಗುವ ಮುಂಚೆಯೇ ಮಾಡಬೇಕಾದ ಕೆಲಸ ಇದು.

ನನಗೆ ಜಾಸ್ತಿ ಕಾಳಜಿ ಇರುವುದು ಜನರೇಟರ್ ಬಗ್ಗೆ. ಕಂಬ ಹತ್ತುವ ಮೊದಲು ಪವರ್‌ಮ್ಯಾನ್ (ಲೈನ್‌ಮ್ಯಾನ್) ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿಸಿ ಕೆಲಸ ಮಾಡುವ ಅನುಮತಿ, ತೆಗೆದುಕೊಳ್ಳುತ್ತಾರೆ. ಸ್ವಿಚ್ ತೆಗೆಯುತ್ತಾರೆ. ಲೈನ್ ಸತ್ತಿದೆಯಾ ಅಂತ ಪರೀಕ್ಷಿಸಿ, ಮೂರೂ ತಂತಿಗೆ ಅರ್ಥಿಂಗ್ ರಾಡ್ ಸಿಕ್ಕಿಸುತ್ತಾರೆ, ತಪ್ಪಿ ಕರೆಂಟ್ ಬಂದರೂ ಅದು ನೆಲಕ್ಕೆ ಇಳಿಯಲಿ ಅಂತ. ಸುರಿಯುವ ಮಳೆಯಲ್ಲಿ, ಟಾರ್ಚ್ ಬೆಳಕಿನಲ್ಲಿ ಇದಕ್ಕೆ ಸಮಯ ಬೇಕೇ ಬೇಕು. ಅಷ್ಟರಲ್ಲಿ ಯಾರೋ ಮನೆಯ ಜನರೇಟರನ್ನು ಚೇಂಜ್ ಓವರ್ ಸ್ವಿಚ್ (ಮನೆಯನ್ನು ಲೈನಿಗೆ ಇಲ್ಲವೇ ಜನರೇಟರಿಗೆ, ಒಂದಕ್ಕೆ ಮಾತ್ರ ಜೋಡಿಸುವ ಸ್ವಿಚ್) ಇಲ್ಲದೆ ಪ್ಲಗ್ಗಿಗೆ ಕೊಟ್ಟು ಚಾಲೂ ಮಾಡಿದರೆ? ಕರೆಂಟ್ ಸರ್ವಿಸ್ ವೈರಿನಲ್ಲಿ ಹಿಂದಕ್ಕೆ ಹೋಗುತ್ತದೆ. ವೋಲ್ಟೇಜ್ ಇಳಿಸಬೇಕಾದ ಟಿಸಿ ಅದನ್ನು ಉಲ್ಟಾ ಏರಿಸುತ್ತದೆ. ನಿಮ್ಮ ಮನೆಯ 230 ವೋಲ್ಟ್ ಮೇಲಿನ ಲೈನಿನಲ್ಲಿ ಸಾವಿರಾರು ವೋಲ್ಟ್ ಆಗುತ್ತದೆ. ಅರ್ಥಿಂಗ್ ರಾಡ್ ಇರುವುದು ಇಂಥದ್ದಕ್ಕೇ. ಹಾಗಂತ ಪವರ್‌ಮ್ಯಾನ್ ಜೀವವನ್ನು ಅದೊಂದರ ಮೇಲೆ ಬಿಡಬಹುದಾ? ಚೇಂಜ್ ಓವರ್ ಸ್ವಿಚ್ ಹಾಕಿಸಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ.

ದೂರು ಕೊಡಲು 1912 ಇದೆ. "ಕರೆಂಟ್ ಇಲ್ಲ" ಅಂತ ಮಾತ್ರ ಹೇಳಬೇಡಿ. ಬಿಲ್ಲಿನಲ್ಲಿರುವ ಖಾತೆ ನಂಬರ್ ಕೊಡಿ. ಪೂರ್ತಿ ಕೇರಿಗೆ ಇಲ್ಲವಾ, ನಿಮಗೊಬ್ಬರಿಗೆ ಇಲ್ಲವಾ, ಎಲ್ಲಾದರೂ ಮರ ಬಿದ್ದದ್ದು ಕಂಡಿತಾ, ಇಷ್ಟು ಹೇಳಿದರೆ ರಿಪೇರಿ ಗ್ಯಾಂಗ್ ಕತ್ತಲಲ್ಲಿ ಲೈನಿನುದ್ದಕ್ಕೂ ಹುಡುಕುವುದು ತಪ್ಪುತ್ತದೆ. ತಂತಿ ನೆಲಕ್ಕೆ ಬಿದ್ದಿದ್ದರೆ ಅದನ್ನೇ ಮೊದಲು ಹೇಳಿ. ಅವರು ಬರುವ ತನಕ ಜನ, ದನ ಯಾರೂ ಹತ್ತಿರ ಹೋಗದ ಹಾಗೆ ದೂರದಲ್ಲೇ ನಿಂತು ನೋಡಿಕೊಳ್ಳಿ.