ಮೆಥನಾಲ್ ಹಿಡಿಯುವ ಪುಟ್ಟ ಕೊಳವೆ

ಮದ್ಯಕ್ಕೆ ಮೆಥನಾಲ್ ಬೆರೆತರೆ ಮೂಗಿಗೂ ಗೊತ್ತಾಗುವುದಿಲ್ಲ, ನಾಲಿಗೆಗೂ ಗೊತ್ತಾಗುವುದಿಲ್ಲ. ಮದ್ಯದಲ್ಲಿ ಇರಬೇಕಾದ್ದು ಎಥನಾಲ್. ಅದರ ಅಣುವಿನಲ್ಲಿ 2 ಕಾರ್ಬನ್, ಮೆಥನಾಲ್‌ನಲ್ಲಿ 1. ಅಷ್ಟೇ ವ್ಯತ್ಯಾಸ. ಆದರೆ ದೇಹದೊಳಗೆ ಹೋದ ಮೇಲೆ ಮೆಥನಾಲ್ ಮೊದಲು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲವಾಗುತ್ತದೆ. ಕಣ್ಣಿನ ನರ ಹಾಳಾಗುತ್ತದೆ. ಎಷ್ಟೋ ಜನ ದೃಷ್ಟಿ ಕಳೆದುಕೊಂಡಿದ್ದಾರೆ, ಜೀವವನ್ನೂ ಕಳೆದುಕೊಂಡಿದ್ದಾರೆ.

ಪ್ರಯೋಗಾಲಯದಲ್ಲಿ ಆವಿಯಲ್ಲಿರುವ ಅಣುಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮಟೋಗ್ರಫಿ ಯಂತ್ರವಿದ್ದರೆ ಇದನ್ನು ಹಿಡಿಯಬಹುದು. ಆದರೆ ಅದು ದುಬಾರಿ, ಕೈಯಲ್ಲಿ ಹಿಡಿದು ಓಡಾಡುವಂಥದ್ದಲ್ಲ. ಅಗ್ಗದ ಸೆನ್ಸರ್ ಬೇಕು, ಅಲ್ವಾ?

ಅದೂ ಇದೆ. ತವರದ ಆಕ್ಸೈಡ್‌ನ ತೆಳು ಪದರವನ್ನು ನೂರಾರು ಡಿಗ್ರಿ ಕಾಯಿಸಿದರೆ ಗಾಳಿಯ ಆಮ್ಲಜನಕ ಅದರ ಮೈಗೆ ಅಂಟಿಕೊಳ್ಳುತ್ತದೆ, ಪದರದ ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಆಗ ವಿದ್ಯುತ್ ಹರಿಯಲು ಕಷ್ಟ. ಮದ್ಯದ ಆವಿ ಬಂದು ಆ ಆಮ್ಲಜನಕದ ಜೊತೆ ಸೇರಿ ಉರಿದಾಗ ಎಲೆಕ್ಟ್ರಾನ್‌ಗಳಿಗೆ ಬಿಡುಗಡೆ. ಪದರದ ರೋಧ ಸರ್ರನೆ ಇಳಿಯುತ್ತದೆ. ಇಳಿದದ್ದನ್ನು ಅಳೆದರೆ ಆವಿ ಎಷ್ಟಿತ್ತು ಅಂತ ತಿಳಿಯುತ್ತದೆ.

ತೊಂದರೆ ಏನೆಂದರೆ, ಈ ಪದರಕ್ಕೆ ಮೆಥನಾಲ್ ಉರಿದರೂ ಒಂದೇ, ಎಥನಾಲ್ ಉರಿದರೂ ಒಂದೇ. ಮದ್ಯದಲ್ಲಿ ಎಥನಾಲೇ ಜಾಸ್ತಿ. ಅದರ ಅಬ್ಬರದಲ್ಲಿ ಚೂರು ಮೆಥನಾಲ್ ಮುಚ್ಚಿಹೋಗುತ್ತದೆ. ಬೇರೆ ಬೇರೆ ಸೆನ್ಸರ್‌ಗಳನ್ನು ಒಟ್ಟಿಗೆ ಇಟ್ಟು ಅವುಗಳ ಉತ್ತರವನ್ನು ಹೋಲಿಸಿ ನೋಡುವ ‘ಎಲೆಕ್ಟ್ರಾನಿಕ್ ಮೂಗು’ 1982ರಲ್ಲೇ ಬಂದಿದೆ. ಪರಿಮಳಗಳನ್ನು ಗುರುತಿಸಲು ಅದು ಒಳ್ಳೆಯದು. ಇಷ್ಟು ಹತ್ತಿರದ ಎರಡು ಅಣುಗಳ ಮುಂದೆ ಅದಕ್ಕೂ ಕಷ್ಟ.

ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡ ದಾರಿ ನನಗೆ ತುಂಬಾ ಇಷ್ಟ. ಅವರು ಸೆನ್ಸರ್‌ನ ಮುಂದೆ ಒಂದು ಪುಟ್ಟ ಕೊಳವೆ ಇಟ್ಟರು. ಅದರೊಳಗೆ ಟೆನಾಕ್ಸ್ ಎಂಬ ಪಾಲಿಮರ್‌ನ ಪುಡಿ. ಪುಡಿಯ ಕಣಗಳ ನಡುವೆ ಹಾದುಹೋಗುವಾಗ ಎಥನಾಲ್ ಹೆಚ್ಚು ಅಂಟಿಕೊಂಡು ತಡವಾಗುತ್ತದೆ. ಹಗುರವಾದ ಮೆಥನಾಲ್ ಬೇಗ ಜಾರಿಕೊಂಡು ಹೊರಗೆ ಬರುತ್ತದೆ. ಸುಮಾರು 2 ನಿಮಿಷದೊಳಗೆ ಅದರ ಲೆಕ್ಕ ಸಿಕ್ಕಿಬಿಡುತ್ತದೆ. ಗುರುತು ಹಿಡಿಯಲಾಗದ ಸೆನ್ಸರ್ ಈಗ ಯಾರು ಮೊದಲು ಬಂದರು ಅಂತ ಮಾತ್ರ ನೋಡಿದರೆ ಸಾಕು.

2020ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ 89 ಪಾನೀಯಗಳಿದ್ದವು. ಹಣ್ಣಿನಿಂದ ಮಾಡಿದ ಮದ್ಯದಲ್ಲಿ ಹಣ್ಣಿನದೇ ಪೆಕ್ಟಿನ್ ಎಂಬ ನಾರಿನಂಥ ವಸ್ತು ಒಡೆದು ಸ್ವಲ್ಪ ಮೆಥನಾಲ್ ತಾನಾಗೇ ಹುಟ್ಟುತ್ತದೆ. ಹಾಗಾಗಿ ಮೆಥನಾಲ್ ಇದೆಯಾ ಅಂತ ಕೇಳಿದರೆ ಸಾಲದು, ಎಷ್ಟಿದೆ ಅಂತ ಕೇಳಬೇಕು. ಮೆಥನಾಲ್ ಮೊದಲು ಬಂದಾಗ ಸೆನ್ಸರ್‌ನ ಸಂಕೇತ ಎಷ್ಟು ಎತ್ತರಕ್ಕೆ ಏರುತ್ತದೋ ಅದೇ ಅದಕ್ಕೆ ಉತ್ತರ.