ಪಹಣಿಯಲ್ಲಿರುವ ‘ಖರಾಬು’ ಯಾರ ಜಮೀನು?

ಪ್ರಶ್ನೆ: ನಾವು ಕೊಳ್ಳಬೇಕೆಂದಿರುವ ಹೊಲದ ಪಹಣಿಯಲ್ಲಿ ಒಟ್ಟು ವಿಸ್ತೀರ್ಣ 4.20, ಫೂಟ್ ಖರಾಬು (ಅ) 0.05, (ಬ) 0.08, ಉಳಿದದ್ದು 4.07 ಎಂದಿದೆ. ಖರಾಬು ಎಂದರೆ ಬೆಳೆ ಬಾರದ ಮಣ್ಣೇ? ಎಷ್ಟು ಜಾಗಕ್ಕೆ ದುಡ್ಡು ಕೊಡಬೇಕು?

ಉತ್ತರ: ಮಾತಿನಲ್ಲಿ ಖರಾಬು ಎಂದರೆ ಕೆಟ್ಟದ್ದು ನಿಜ. ಆದರೆ ಪಹಣಿಯಲ್ಲಿ ಅದರರ್ಥ, ಸರ್ವೆ ಕಾಲದಲ್ಲಿ ಸಾಗುವಳಿ ಲೆಕ್ಕಕ್ಕೆ ಹಿಡಿಯದೆ, ಕಂದಾಯ ನಿಗದಿ ಮಾಡದೆ ಬಿಟ್ಟ ಜಾಗ. ‘ಫೂಟ್’ ಮರಾಠಿಯ ‘ಪೋಟ್’, ಅಂದರೆ ಹೊಟ್ಟೆ. ಸರ್ವೆ ನಂಬರಿನ ಹೊಟ್ಟೆಯೊಳಗೇ ಇರುವ ಖರಾಬು ಅದು. ಸರ್ವೆ ನಂಬರಿನೊಳಗಿನ ಪಾಲಿಗೆ ಹೇಳುವ ‘ಪೋಟ್ ಹಿಸ್ಸೆ’ಯಲ್ಲಿರುವುದೂ ಇದೇ ಪೋಟ್.

ದುಡ್ಡಿನ ಪ್ರಶ್ನೆ ನಿಂತಿರುವುದು ಅ, ಬ ಅಕ್ಷರಗಳ ಮೇಲೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 21ನೇ ನಿಯಮ ಇವೆರಡನ್ನೂ ಬೇರೆಬೇರೆ ಹೇಳುತ್ತದೆ. ಬಂಡೆ, ಕೊರಕಲು, ಹಿಡುವಳಿದಾರರದೇ ಕಣ, ಹೊಲದ ಮನೆ ಇವೆಲ್ಲ ‘ಅ’. ಕಂದಾಯವಿಲ್ಲ, ಆದರೆ ಹಕ್ಕು ಹಿಡುವಳಿದಾರರದೇ. ಊರವರ ದಾರಿ, ಹತ್ತು ಜನ ನೀರು ಬಳಸುವ ಹಳ್ಳ ಅಥವಾ ಕೆರೆ, ಸ್ಮಶಾನ, ಕುಂಬಾರಿಕೆಗೆ ಬಿಟ್ಟ ಜಾಗ ‘ಬ’. ಅದು ಸಾರ್ವಜನಿಕರದು. ಮಾರುವವರು ಎಷ್ಟೇ ವರ್ಷದಿಂದ ಉತ್ತಿರಲಿ, ತಮಗಿಲ್ಲದ ಹಕ್ಕನ್ನು ಕ್ರಯಪತ್ರದಲ್ಲಿ ಬರೆದುಕೊಡಲಾರರು.

ಚುಕ್ಕೆಯ ಬಲಕ್ಕಿರುವುದು ಗುಂಟೆ, ದಶಮಾಂಶವಲ್ಲ. 40 ಗುಂಟೆಗೆ ಒಂದು ಎಕರೆ, ಗುಂಟೆಗೆ 1,089 ಚದರಡಿ. ಹಾಗಾಗಿ 4.20 ಎಂದರೆ ನಾಲ್ಕೂವರೆ ಎಕರೆ. ಕಂದಾಯ ಬೀಳುವುದು 4.07ಕ್ಕೆ, ಮಾರುವವರ ಹಕ್ಕಿರುವುದು ‘ಅ’ ಸೇರಿಸಿ 4.12ಕ್ಕೆ. ನಾಲ್ಕೂವರೆ ಎಕರೆಗೆ ದರ ಕಟ್ಟಿದರೆ 8,712 ಚದರಡಿ ದಾರಿಗೋ ಹಳ್ಳಕ್ಕೋ ದುಡ್ಡು ಸುರಿದಂತೆ.

ಪಹಣಿಯೊಂದನ್ನೇ ನಂಬಿ ಮುಂಗಡ ಕೊಡಬೇಡಿ. ಅದರಲ್ಲಿ ಖರಾಬು ಎಷ್ಟೆಂದು ಇರುತ್ತದೆಯೇ ಹೊರತು ಎಲ್ಲಿ ಎಂದಲ್ಲ. ತಾಲ್ಲೂಕಿನ ಭೂಮಾಪನ ಕಚೇರಿಯಿಂದ ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ದಾಖಲೆ), ಟಿಪ್ಪಣಿ (ಸರ್ವೆಯಲ್ಲಿ ಅಳೆದು ಬರೆದ ನಕ್ಷೆ) ಎರಡರ ನಕಲನ್ನೂ ತೆಗೆಸಿ. ಆಕಾರಬಂದ್‌ನ ಅಂಕಿ ಪಹಣಿಯ 3ನೇ ಕಾಲಂಗೆ ತಾಳೆಯಾಗಬೇಕು. ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ಏರಿಸುವಾಗ ಖರಾಬು ಬಿಟ್ಟುಹೋದದ್ದೂ ಉಂಟು. ದಾರಿ, ಹಳ್ಳ ಯಾವ ಮಗ್ಗುಲಲ್ಲಿವೆ ಎಂಬುದನ್ನು ಟಿಪ್ಪಣಿ ಮತ್ತು ಗ್ರಾಮ ನಕ್ಷೆಯಲ್ಲಿ ಗುರುತಿಸಿ, ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಿಕೊಡಲು, ಅರ್ಜಿ ಹಾಕಿ ಅಳೆಸಿ.

ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡಿದ್ದರೆ, ಇಡೀ ‘ಬ’ ಖರಾಬು ಒಬ್ಬರ ಪಾಲಿನೊಳಗೇ ಬಿದ್ದಿರಬಹುದು. ಭಾಗವನ್ನು ಮಾರುವ ಮೊದಲು ಅಳೆದು ತಯಾರಿಸುವ 11ಇ ನಕ್ಷೆ ಮಾಡಿಸುವಾಗ ಅದು ಯಾರ ಹಿಸ್ಸೆಯಲ್ಲಿ ಎಷ್ಟು ಗುಂಟೆ ಎಂದು ನಮೂದಾಗಿದೆಯೇ ನೋಡಿಕೊಂಡೇ ಸಹಿ ಹಾಕಿ.