ವೆಲಿಂಗ್ಟನ್ ಪತ್ರಗಳು: ಸಹಿಗಾಗಿ ಕತ್ತರಿ ಹಾಕಿದ ಹವ್ಯಾಸ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಉಸ್ತುವಾರಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಪಾಲಿಗೆ ಬಂತು. ಮರುವರ್ಷ ಬಂಡೆದ್ದ ಧೋಂಡಿಯಾ ವಾಘನ ಬೆನ್ನುಹತ್ತಿದಾಗಲೂ ಆತನ ಪತ್ರವ್ಯವಹಾರ ನಿಲ್ಲಲಿಲ್ಲ. ಎತ್ತು, ಅಕ್ಕಿ, ಹೊಳೆ ದಾಟಲು ದೋಣಿ: ಆ ಪತ್ರಗಳ ತುಂಬ ಇಂಥ ಲೆಕ್ಕಗಳೇ. ದಂಡು ಹೇಗೆ ನಡೆಯಿತು ಎಂಬುದು ತಿಳಿಯುವುದು ಇವುಗಳಿಂದ. ಆದರೆ ಆತ ವೆಲಿಂಗ್ಟನ್ ಡ್ಯೂಕ್ ಆಗಿ ಹೆಸರು ಮಾಡಿದ ಮೇಲೆ ಜನರಿಗೆ ಬೇಕಾದದ್ದು ಬರೀ ಸಹಿ.

ಇದಕ್ಕೆ ಅಂಚೆ ನಿಯಮವೂ ಕಾರಣ. ಬ್ರಿಟನ್ನಿನ ಸಂಸತ್ ಸದಸ್ಯರು ಲಕೋಟೆಯ ಮೇಲೆ ಸಹಿ ಹಾಕಿದರೆ ಅಂಚೆ ಪುಕ್ಕಟೆ. 1784ರಿಂದ ಊರು, ತಾರೀಖು, ವಿಳಾಸವನ್ನೂ ಅವರೇ ಕೈಯಾರೆ ಬರೆಯಬೇಕಿತ್ತು. ಹವ್ಯಾಸಿಗಳು ಆ ಮುಂಭಾಗವನ್ನಷ್ಟೇ ಕತ್ತರಿಸಿ ಆಲ್ಬಮ್‌ಗೆ ಅಂಟಿಸಿಕೊಂಡರು. 1840ರಲ್ಲಿ ಈ ಸೌಲಭ್ಯ ನಿಂತಿತು, ತುಂಡುಗಳು ಉಳಿದವು. ಗೆಳೆಯರ ಪತ್ರಗಳಿಗೂ ಹೀಗೆ ಸಹಿ ಹಾಕಿಕೊಡುವ ರೂಢಿಯಿತ್ತು. ಹಾಗಾಗಿ ಇಂಥ ತುಂಡು ಅಸಲಿಯಾದರೂ ಒಳಗಿನ ಪತ್ರ ಸಹಿ ಹಾಕಿದವನದೇ ಎನ್ನಲಾಗದು. ಇಡೀ ಪತ್ರವೊಂದರ ಮುಂದೆ ಇಂಥ ಹತ್ತು ತುಂಡುಗಳೂ ನಿಲ್ಲಲಾರವು ಎಂಬುದು ನಮ್ಮ ದೃಢ ಅಭಿಪ್ರಾಯ.

ಕೊಳ್ಳುವವರು ಮೊದಲು ಹೆಸರನ್ನೂ ತಾರೀಖನ್ನೂ ಹೊಂದಿಸಿ ನೋಡಬೇಕು. 1798ರ ಮೇ ತಿಂಗಳ ಸುಮಾರಿನವರೆಗೆ ಆತ ಬರೆಯುತ್ತಿದ್ದದ್ದು 'ವೆಸ್ಲಿ', ಆಮೇಲೆ 'ವೆಲ್ಲೆಸ್ಲಿ'. 'ವೆಲಿಂಗ್ಟನ್' ಎಂದು ಮೊದಲ ಸಲ ಸಹಿ ಮಾಡಿದ್ದು 1809ರ ಸೆಪ್ಟೆಂಬರ್ 16ರಂದು. ಅದಕ್ಕೂ ಹಿಂದಿನ ತಾರೀಖಿನ ಪತ್ರದಲ್ಲಿ ಆ ಹೆಸರಿದ್ದರೆ ಕೊಳ್ಳಬೇಡಿ. ಮೊದಲಿಗೆ 'ಆರ್ಥರ್' ಇಲ್ಲದೆ ಬರೀ 'ವೆಲ್ಲೆಸ್ಲಿ' ಎಂದಿದ್ದರೆ ಅದು ಬಹುಮಟ್ಟಿಗೆ ಅಣ್ಣ, ಗವರ್ನರ್ ಜನರಲ್ ರಿಚರ್ಡನ ಸಹಿ. ಗುಮಾಸ್ತರು ಎತ್ತಿಕೊಂಡ ನಕಲಿನಲ್ಲಿ ಹೆಸರಿಗೆ ಮೊದಲು 'ಸೈನ್ಡ್' (ಸಹಿ ಮಾಡಲಾಗಿದೆ) ಎಂದಿರುತ್ತದೆ. ಅದು ಆ ಕಾಲದ ಕಾಗದವೇ, ಆದರೆ ಸಹಿ ಅವನದಲ್ಲ.

ಆಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಹಿಡಿಯಿರಿ. ಮಾಚಿಕಾಯಿ ಮತ್ತು ಕಬ್ಬಿಣದ ಶಾಯಿ ಕಾಗದದ ನಾರಿಗೆ ಇಳಿದಿರುತ್ತದೆ, ಗರಿಲೇಖನಿ ತಡೆದು ನಿಂತ ಕಡೆ ಗಾಢವಾಗಿರುತ್ತದೆ. ಕಲ್ಲಚ್ಚಿನ ಪ್ರತಿಯಲ್ಲಿ ಬಣ್ಣ ಎಲ್ಲೆಡೆ ಒಂದೇ ಸಮ. ಹಳೇ ಪುಸ್ತಕದ ಖಾಲಿ ಹಾಳೆ ಕಿತ್ತು ಬರೆದ ಖೋಟಾ ಪತ್ರ ಸಿಕ್ಕಿಬೀಳುವುದು ಮಡಿಕೆಯಲ್ಲಿ: ಜೆಲಟಿನ್ ಲೇಪ ಸವೆದು ಹೋಗಿರುವುದರಿಂದ ಶಾಯಿ ಅಲ್ಲಿ ಒಡೆದು ಹರಡುತ್ತದೆ. ಬೆಳಕಿಗೆ ಹಿಡಿದರೆ ಕಾಗದದೊಳಗಿನ ನೀರುಗುರುತು (ವಾಟರ್‌ಮಾರ್ಕ್) ಕಾಣುತ್ತದೆ. 1794ರಿಂದೀಚಿನ ಇಂಗ್ಲಿಷ್ ಕಾಗದದಲ್ಲಿ ತಯಾರಾದ ಇಸವಿಯೂ ಹಲವೊಮ್ಮೆ ಇರುತ್ತದೆ. ಅದು ಪತ್ರದ ತಾರೀಖಿಗಿಂತ ಈಚಿನದಾದರೆ ಬೇರೆ ಪುರಾವೆ ಬೇಡ.

ಪತ್ರದ ಬೆನ್ನ ಮೇಲೆ, ತಲುಪಿದ ದಿನವನ್ನು ಪಡೆದವರು ಗುರುತು ಹಾಕಿಕೊಂಡಿದ್ದರೆ ಅದನ್ನು ಉಜ್ಜಿ ತೆಗೆಯಬಾರದು. ಲ್ಯಾಮಿನೇಷನ್, ಸೆಲ್ಲೋಟೇಪ್ ಎರಡೂ ಬೇಡ. ನೀರು ತಗುಲಿದರೆ ಶಾಯಿಯ ಕಬ್ಬಿಣ ಹರಡಿ ಕಾಗದವನ್ನೇ ತಿನ್ನುತ್ತದೆ, ಮಳೆಗಾಲದ ತೇವದಲ್ಲೂ ಈ ಅಪಾಯ ತಪ್ಪಿದ್ದಲ್ಲ. ಆಮ್ಲರಹಿತ ಕಾಗದದ ಫೋಲ್ಡರಿನಲ್ಲಿಟ್ಟು ಒಣ ಕೋಣೆಯಲ್ಲಿಡಿ. ಭಾರತದಲ್ಲಿ ಕೊಂಡ ಪತ್ರಕ್ಕೆ ಕಾನೂನೂ ಅನ್ವಯಿಸುತ್ತದೆ. 1972ರ ಪುರಾವಸ್ತು ಕಾಯ್ದೆಯಂತೆ 75 ವರ್ಷ ದಾಟಿದ, ಐತಿಹಾಸಿಕ ಮೌಲ್ಯದ ಹಸ್ತಪ್ರತಿಯನ್ನು ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ.